ಆಯುಧಕ್ಕೆ ಒಂದು ದಿನ ರಜೆ

ಕೆಂಚೇಶನ ಬಾಯಿ ಸೂಳೆಕೆರೆಯ ಏರಿಗೆಲ್ಲ ಗೊತ್ತಿದ್ದ ಬಾಯಿ. ಬೆಳಗ್ಗೆ ತೆಪ್ಪಗಳು ದಡ ಸೇರುವ ಹೊತ್ತಿಗೆ ಅವನು ಮೀನಿನ ಬುಟ್ಟಿಯ ಪಕ್ಕ ನಿಂತು ಹರಾಜು ಕೂಗತೊಡಗಿದರೆ ಬಸವಾಪಟ್ಟಣದ ಬಸ್ಸಿನಲ್ಲಿ ಕೂತವರೂ ತಿರುಗಿ ನೋಡುತ್ತಿದ್ದರು. ಅವನಿಗೆ ಪಿಸುಮಾತು ಎಂಬುದೇ ಗೊತ್ತಿರಲಿಲ್ಲ. ಗುಟ್ಟಿನ ಸಂಗತಿ ಹೇಳಬೇಕಾದರೆ ಹೆಂಡತಿ ನಾಗರತ್ನ ಮೊದಲು ಎದ್ದು ಬಾಗಿಲು ಹಾಕಿ ಬರುತ್ತಿದ್ದಳು.

ನಲವತ್ತು ದಾಟಿದ ವರ್ಷವೇ ಅವನಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಬುದ್ಧಿ ಉಳಿಯಿತು, ಕಣ್ಣು ಉಳಿಯಿತು, ಎಡಗೈಯ ಹೆಬ್ಬೆರಳು ಒಂದಿಷ್ಟು ಉಳಿಯಿತು. ಬಾಯಿ ಹೋಯಿತು. ಯಾರ ಹತ್ತಿರ ಏನು ಕಿತ್ತುಕೊಳ್ಳಬೇಕೆಂದು ದೇವರಿಗೆ ಯಾರೋ ಹೇಳಿಕೊಟ್ಟು ಕಳಿಸಿದಂತಿತ್ತು.

ಆಮೇಲಿನ ಎರಡು ವರ್ಷ ಗಂಡಹೆಂಡಿರ ಮಾತುಕತೆಯೆಲ್ಲ ಕಣ್ಣಿನಲ್ಲೇ. ಒಮ್ಮೆ ರೆಪ್ಪೆ ಮುಚ್ಚಿ ತೆರೆದರೆ ಹೌದು, ನೆಟ್ಟಗೆ ನೋಡಿದರೆ ಅಲ್ಲ. ಅಷ್ಟು ಸಾಕಲ್ಲ ಎಂದು ನೋಡಲು ಬಂದವರು ಹೇಳುತ್ತಿದ್ದರು. ಅವರಿಗೇನು ಗೊತ್ತು? ಅವಳು ಕೇಳಿದ್ದಕ್ಕೆ ಮಾತ್ರ ಅವನು ಉತ್ತರ ಕೊಡಬಲ್ಲ. ಅವಳಿಗೆ ಹೊಳೆಯದೇ ಇದ್ದದ್ದು ಅವನೊಳಗೇ ಕೊಳೆಯಬೇಕು. ಒಂದು ದಿನ ಬೆಳಗಿನಿಂದ ಅವನ ಕಣ್ಣಲ್ಲಿ ನೀರು ಇಳಿಯುತ್ತಲೇ ಇತ್ತು. ನೀರು ಬೇಕಾ, ಹಸಿವಾ, ತಲೆನೋವಾ, ನಿಮ್ಮಣ್ಣ ಏನಾದರೂ ಅಂದನಾ, ಟೀವಿ ಹಚ್ಚಲಾ ಎಂದು ಕೇಳಿ ಕೇಳಿ ನಾಗರತ್ನ ಸೋತಳು. ಸಂಜೆ ದುಪ್ಪಟಿ ಬದಲಾಯಿಸಲು ಹೊರಳಿಸಿದಾಗ ಬೆನ್ನಡಿ ಕೆಂಪಿರುವೆಯ ಸಾಲು. ಬೆನ್ನೆಲ್ಲ ದದ್ದು. ಇರುವೆ ಎಂಬ ಒಂದು ಮಾತು ಅವಳ ಬಾಯಿಗೆ ಬಂದಿರಲಿಲ್ಲ.

ಹೀಗಿರುವಾಗ ಚನ್ನಗಿರಿ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಮಾಡುವ ಭೀಮೇಶ, ದೂರದ ಸಂಬಂಧಿ, ಒಂದು ಹಳೇ ಟ್ಯಾಬ್ ತಂದುಕೊಟ್ಟ. ಪರದೆಯ ಮೇಲೆ ಅಕ್ಷರಗಳ ಸಾಲುಗಳು ಒಂದಾದ ಮೇಲೊಂದು ಬೆಳಗುತ್ತಿದ್ದವು. ಬೇಕಾದ ಸಾಲು ಬೆಳಗಿದಾಗ ಬಟನ್ ಒತ್ತಿದರೆ ಆ ಸಾಲಿನೊಳಗಿನ ಅಕ್ಷರಗಳು ಬೆಳಗುತ್ತಿದ್ದವು, ಮತ್ತೆ ಒತ್ತಿದರೆ ಅಕ್ಷರ ಬೀಳುತ್ತಿತ್ತು. ಬರೆದು ಮುಗಿಸಿದ ಮೇಲೆ ಟ್ಯಾಬು ಅದನ್ನು ಗಟ್ಟಿಯಾಗಿ ಓದುತ್ತಿತ್ತು. ಬಟನ್ನು ಭೀಮೇಶನದೇ ಕೈಕೆಲಸ. ಆಟೋದ ಹಾರ್ನ್ ಬಟನ್ ಕಿತ್ತು, ಹೆಸರಿಲ್ಲದ ಯಾವುದೋ ಆಟದ ರಿಮೋಟಿನ ಚಿಪ್ ಸೇರಿಸಿ, ಎರಡನ್ನೂ ಸುಣ್ಣದ ಡಬ್ಬಿಯೊಳಗೆ ಕೂರಿಸಿದ್ದ. ಕೆಂಚೇಶನ ಬೆರಳು ಒಂದು ಸಲ ಒತ್ತಲು ಹೋಗಿ ಮೂರು ಸಲ ನಡುಗುತ್ತಿತ್ತು. ಮೂರನ್ನೂ ಒಂದೇ ಎಂದು ತಿಳಿಯುವಂತೆ ಆ ಚಿಪ್‌ಗೆ ಹೇಳಿಕೊಟ್ಟಿದ್ದ.

ಎರಡು ವರ್ಷದ ಮೌನದ ನಂತರ ಕೆಂಚೇಶ ಆಡಿದ ಮೊದಲ ಮಾತು, ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ಹೊತ್ತು ಹೇಳುವಂಥ ಹೆಣ್ಣುದನಿಯಲ್ಲಿ ಹೀಗೆ ಹೊರಬಿತ್ತು: "ಸಾರಿಗೆ ಉಪ್ಪು ಜಾಸ್ತಿ. ಎರಡು ವರ್ಷದಿಂದ."

ನಾಗರತ್ನ ಸೆರಗು ಬಾಯಿಗಿಟ್ಟು ನಕ್ಕಳು, ನಗುತ್ತಲೇ ಅತ್ತಳು, ಆಮೇಲೆ ಸಿಟ್ಟಾಗಿ "ನಿಮಗೆ ನಾಲಿಗೆ ಬಂದಿದ್ದು ಇದಕ್ಕೇನ್ರಿ?" ಎಂದಳು.

ಭೀಮೇಶ ಹೊರಡುವ ಮುಂಚೆ ಒಂದು ಮಾತು ಹೇಳಿದ. "ನಾಗಕ್ಕ, ಇದನ್ನ ಯಾವತ್ತೂ ನೆಟ್ಟಿಗೆ ಹಚ್ಚಬ್ಯಾಡ್ರಿ. ಇದು ಕಂಪನಿ ಬಟನ್ ಅಲ್ಲ. ಈಗಿರೋ ಸಾಫ್ಟ್‌ವೇರು ಹಳೇದು, ನೀನ್ಯಾರು ಅಂತ ಕೇಳಂಗಿಲ್ಲ. ಹೊಸದು ಬಂದು ಕುಂತ್ರೆ ಕೇಳುತ್ತೆ. ಆಮೇಲೆ ನನ್ನ ಕೈಯಾಗೆ ಏನೂ ಇರಂಗಿಲ್ಲ." ಅವರ ಮನೆಯಲ್ಲಿ ನೆಟ್ಟೂ ಇರಲಿಲ್ಲ, ಏನೂ ಇರಲಿಲ್ಲ. ಆಗಲಿ ಎಂದಳು.

ಒಂದು ವರ್ಷ ಕೆಂಚೇಶ ಮಾತಾಡಿದ. ಗಾಲಿಕುರ್ಚಿಯಲ್ಲಿ ಏರಿಯ ಮೇಲೆ ಹೋಗಿ ಹರಾಜೂ ಕೂಗಿದ. ಹೆಣ್ಣುದನಿ "ಒಂದು ಸಲ, ಎರಡು ಸಲ" ಎಂದಾಗ ವ್ಯಾಪಾರಿಗಳು ಮೊದಮೊದಲು ಬಿದ್ದು ಬಿದ್ದು ನಕ್ಕರು. ಆಮೇಲೆ ನಗುವುದನ್ನು ಬಿಟ್ಟು ರೇಟು ಕೂಗಿದರು. ಅಣ್ಣ ಜಂಪಣ್ಣ ತಕ್ಕಡಿ ಹಿಡಿದ. ಎಲ್ಲರೂ ಮತ್ತೆ ಕೆಂಚೇಶನ ಮುಖ ನೋಡಿ ಮಾತಾಡತೊಡಗಿದರು.

ಅವರ ಮನೆತನದಲ್ಲಿ ಆಯುಧಪೂಜೆಗೆ ಅಣ್ಣತಮ್ಮಂದಿರ ಸಾಮಾನೆಲ್ಲ ಹಿರಿಯವನ ಮನೆಗೆ ಹೋಗಬೇಕು. ಬಲೆ, ಹುಟ್ಟು, ತಕ್ಕಡಿ, ಮೀನು ಕೊಯ್ಯುವ ಕತ್ತಿ ಎಲ್ಲವನ್ನೂ ತೊಳೆದು, ದೇವರ ಮುಂದೆ ಸಾಲಾಗಿಟ್ಟು, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂವು ಏರಿಸುತ್ತಾರೆ. ಒಮ್ಮೆ ಇಟ್ಟ ಆಯುಧವನ್ನು ಮಾರನೇ ದಿನ ಬನ್ನಿ ಮುಡಿಯುವ ತನಕ ಯಾರೂ ಮುಟ್ಟುವಂತಿಲ್ಲ. ವರ್ಷವಿಡೀ ದುಡಿದದ್ದಕ್ಕೆ ಒಂದು ದಿನ ರಜೆ. ಲಕ್ವ ಹೊಡೆದ ಮೇಲೆ ಆ ಸಾಲಿನಲ್ಲಿ ಕೆಂಚೇಶನದು ಎಂದು ಒಂದು ಚೂರಿಯೂ ಇರಲಿಲ್ಲ. ಅದು ನಾಗರತ್ನಳ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಈ ಸಲ ಟ್ಯಾಬನ್ನೇ ಇಡಬೇಕೆಂದು ಮಹಾನವಮಿಗೆ ಮುಂಚೆಯೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು.

ಪೂಜೆಯ ದಿನ ಅವಳು ಟ್ಯಾಬ್ ತೆಗೆದುಕೊಳ್ಳಲು ಬಂದಾಗ ಕೆಂಚೇಶ ಏನೋ ಬರೆಯುತ್ತಿದ್ದ. ಪರದೆಯ ಮೇಲೆ "ನಾಗಿ ನೀನು ಇನ್ಮೇಲೆ" ಎಂದಿತ್ತು. ಹೆಬ್ಬೆರಳು ಮುಂದಿನ ಸಾಲಿಗಾಗಿ ಕಾಯುತ್ತಿತ್ತು.

"ಅಲ್ಲಿ ಮಂಗಳಾರತಿಗೆ ಕಾಯಾಕೆ ಹತ್ಯಾರೆ. ನಾಳೆ ಹೇಳೀರಂತೆ, ತಗೀರಿ," ಎಂದು ನಾಗರತ್ನ ಬಟನ್ನಿನ ಸಮೇತ ಟ್ಯಾಬ್ ಎತ್ತಿಕೊಂಡಳು. "ಇವತ್ತೊಂದಿನ ನಿಮ್ಮ ಬಾಯಿಗೂ ರಜೆ."

ಅವನು ನೆಟ್ಟಗೆ ನೋಡಿದ. ನೆಟ್ಟಗೆ ನೋಡಿದರೆ ಅಲ್ಲ ಎಂದರ್ಥ. ವರ್ಷವೊಂದರಿಂದ ಅವನ ಕಣ್ಣು ಓದುವ ಅಭ್ಯಾಸ ತಪ್ಪಿತ್ತು, ಅವಳು ಗಮನಿಸಲಿಲ್ಲ.

ಜಂಪಣ್ಣನ ಮನೆಯಲ್ಲಿ ಬಲೆಯ ಪಕ್ಕ, ತಕ್ಕಡಿಯ ಈಚೆ, ಟ್ಯಾಬಿಗೆ ಜಾಗವಾಯಿತು. ಅವಳು ಸುಣ್ಣದ ಡಬ್ಬಿಗೂ ಕುಂಕುಮ ಹಚ್ಚಿದಳು. ಜಂಪಣ್ಣನ ಮಗಳು ಚೈತ್ರಶ್ರೀ ಕಾಲೇಜಿನ ಹುಡುಗಿ, ಚಿಕ್ಕಪ್ಪನ ಮೇಲೆ ಪ್ರಾಣ. ಹೂವು ಏರಿಸುವ ಮುಂಚೆ "ಚಿಕ್ಕಪ್ಪಂಗೆ ಹಳೇ ಹಾಡು ತುಂಬಿಕೊಡ್ತೀನಿ" ಎಂದು ಟ್ಯಾಬಿಗೆ ಮನೆಯ ವೈಫೈ ಕೊಟ್ಟಳು, ಚಾರ್ಜಿಗೂ ಹಾಕಿದಳು. ನಾಗರತ್ನ ಆಗ ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದಳು.

ಮಾರನೇ ದಿನ ಬನ್ನಿ ಮುಡಿದು ಟ್ಯಾಬ್ ಮನೆಗೆ ತಂದಳು. ಕೆಂಚೇಶನ ಕೈಕೆಳಗೆ ಡಬ್ಬಿ ಇಟ್ಟಳು. ಅವನು ಒತ್ತಿದ. ಟಕ್ ಎಂದಿತು. ಪರದೆಯಲ್ಲಿ ಅರ್ಧ ಬರೆದ ಮಾತು ಹಾಗೇ ಇತ್ತು. ಆದರೆ ಸಾಲು ನಿಲ್ಲಲಿಲ್ಲ, ಅಕ್ಷರ ಬೀಳಲಿಲ್ಲ. ಮತ್ತೆ ಒತ್ತಿದ. ಪರದೆಯ ತಳದಲ್ಲಿ ಶುದ್ಧ ಕನ್ನಡದಲ್ಲಿ ಒಂದು ಸಾಲು ಮೂಡಿತು: "ಈ ಸಾಧನಕ್ಕೆ ಮಾನ್ಯತೆ ಇಲ್ಲ."

ಅವಳು ಆವತ್ತೇ ಸಿಕ್ಕ ಬಸ್ಸಿಗೆ ಚನ್ನಗಿರಿಗೆ ಓಡಿದಳು. ಭೀಮೇಶ ಹಬ್ಬವೆಂದು ಮುಚ್ಚಿದ್ದ ಅಂಗಡಿಯ ಶಟರ್ ಎತ್ತಿ ನೋಡಿದ, ನೋಡಿದವನು ಸ್ಟೂಲಿನ ಮೇಲೆ ಕೂತುಬಿಟ್ಟ.

"ಅಪ್ಡೇಟ್ ಆಗೈತಕ್ಕ."

"ಯಾರೂ ಮುಟ್ಟೇ ಇಲ್ಲಪ್ಪ. ದೇವ್ರ ಮುಂದೆ ಇಟ್ಟಿತ್ತು."

"ಅದಕ್ಕೇ ಆಗೈತೆ. ಅದಾಗಾಕೆ ವೈಫೈ ಇರ್ಬೇಕು, ಚಾರ್ಜಿಗೆ ಹಾಕಿರ್ಬೇಕು, ಯಾರೂ ಮುಟ್ಟದೆ ಬಿಟ್ಟಿರ್ಬೇಕು. ದಿನದಂಗೆ ಕೆಂಚೇಶಣ್ಣ ಒತ್ತುತ್ತಿದ್ರೆ ಅದು ಆಗ್ತಾನೇ ಇರ್ಲಿಲ್ಲ."

ನಾಗರತ್ನ ಡಬ್ಬಿಯತ್ತ ನೋಡಿದಳು. ತನ್ನ ಕೈಯಾರೆ ಹಚ್ಚಿದ ಕುಂಕುಮ ಇನ್ನೂ ಡಬ್ಬಿಯ ಮೇಲೆ ಇತ್ತು. ಅದನ್ನು ಸೆರಗಿನಿಂದ ಒರೆಸಿದಳು, ಒರೆಸಿದ್ದು ತಪ್ಪೋ ಏನೋ ಎಂದು ಆ ಕ್ಷಣಕ್ಕೆ ಹೆದರಿದಳು.

ಭೀಮೇಶ ದೀಪಾವಳಿಯ ತನಕ ಒದ್ದಾಡಿದ. ಹಳೇ ಸಾಫ್ಟ್‌ವೇರಿಗೆ ವಾಪಸ್ ಇಳಿಸಲು ನೋಡಿದ. "ಒಂದ್ಸಲ ಮೇಲೆ ಹೋದ್ರೆ ಕೆಳಗಿಳಿಯಾಕೆ ಬಿಡಂಗಿಲ್ಲಕ್ಕ, ಬೀಗ ಹಾಕ್ಯಾರೆ" ಎಂದ. ಹೊನ್ನಾಳಿ, ನ್ಯಾಮತಿಯ ಅಂಗಡಿಗಳಲ್ಲೆಲ್ಲ ಹಳೇ ಟ್ಯಾಬು ಹುಡುಕಿಸಿದ. ಸಿಕ್ಕವೆಲ್ಲ ಆಗಲೇ ಅಪ್ಡೇಟ್ ಆಗಿದ್ದವು. ದಾವಣಗೆರೆಯ ಡಾಕ್ಟರೊಬ್ಬರ ಹತ್ತಿರವಿದ್ದ ಅಸಲಿ ಕಂಪನಿ ಬಟನ್ನನ್ನು, ಅದಕ್ಕೆ ಹೊಂದುವ ಹೊಸ ಟ್ಯಾಬಿನ ಜೊತೆ, ಕಾಡಿ ಬೇಡಿ ಒಂದು ದಿನದ ಮಟ್ಟಿಗೆ ತಂದ. ಅದು ಕೆಂಚೇಶನ ಬೆರಳಿಗಾಗಿ ಮಾಡಿದ್ದಲ್ಲ. ಅವನು ಒಮ್ಮೆ ಒತ್ತಿದರೆ ಅದು ಮೂರು ಸಲ ಲೆಕ್ಕ ಹಿಡಿಯಿತು. ಪರದೆ ತುಂಬ ಬೇಡದ ಅಕ್ಷರ. ಹೆಣ್ಣುದನಿ ಅವನ್ನೆಲ್ಲ ಗಂಭೀರವಾಗಿ ಓದಿತು. ಕೆಂಚೇಶ ಕಣ್ಣು ಮುಚ್ಚಿಕೊಂಡ.

ಕಂಪನಿಯ ಹೆಲ್ಪ್‌ಲೈನಿಗೂ ಫೋನು ಹಚ್ಚಿದರು. ಅಲ್ಲಿನ ಹುಡುಗಿ ಕನ್ನಡದಲ್ಲೇ, ಬಹಳ ಮರ್ಯಾದೆಯಿಂದ ಮಾತಾಡಿದಳು. "ಮಾನ್ಯತೆ ಇಲ್ಲದ ಸಾಧನಗಳನ್ನು ನಿಮ್ಮ ಸುರಕ್ಷತೆಗಾಗಿ ತಡೆಹಿಡಿಯಲಾಗಿದೆ, ಮೇಡಂ."

"ನನ್ನ ಗಂಡ ಅದರಾಗೆ ಮಾತಾಡ್ತಿದ್ರು ತಾಯಿ," ಎಂದಳು ನಾಗರತ್ನ.

ಆ ಕಡೆಯ ದನಿ ತಗ್ಗಿತು. ಹುಡುಗಿ "ನನಗೆ ಅರ್ಥ ಆಗುತ್ತೆ ಮೇಡಂ" ಎಂದಳು. ಅವಳಿಗೆ ನಿಜವಾಗಿಯೂ ಅರ್ಥವಾಗಿತ್ತೆಂದು ನಾಗರತ್ನಳಿಗೆ ಅನ್ನಿಸಿತು. ಅರ್ಥವಾದವರ ಕೈಯಲ್ಲೂ ಏನೂ ಇಲ್ಲ ಎಂಬುದೇ ಅವಳನ್ನು ಕುಗ್ಗಿಸಿತು.

ಏರಿಯ ಮೇಲೆ ಈಗ ಜಂಪಣ್ಣನೇ ಹರಾಜು ಕೂಗುತ್ತಾನೆ. ಬೆಳಗ್ಗೆ ಹೋಗುವಾಗ ಒಳಗೆ ಬಂದು ಇಣುಕುತ್ತಾನೆ. "ಹೆಂಗವ್ನೆ ಇವತ್ತು?" ಎಂದು ನಾಗರತ್ನಳನ್ನು ಕೇಳುತ್ತಾನೆ. ಕಳೆದ ವರ್ಷವೆಲ್ಲ "ಹೆಂಗಿದೀಯೋ?" ಎಂದು ಕೆಂಚೇಶನನ್ನೇ ಕೇಳುತ್ತಿದ್ದ. ಅವನು ಕೆಟ್ಟವನಲ್ಲ. ಉತ್ತರ ಬಾರದ ಕಡೆ ಯಾರು ಎಷ್ಟು ದಿನ ಪ್ರಶ್ನೆ ಕೇಳುತ್ತಾರೆ? ಚೈತ್ರಶ್ರೀಯಂತೂ ಈ ಮನೆಯ ಹೊಸಿಲು ತುಳಿಯುವುದನ್ನೇ ಬಿಟ್ಟಿದ್ದಾಳೆ.

ಕೆಂಚೇಶ ಮಾತ್ರ ಡಬ್ಬಿ ಬಿಡಲಿಲ್ಲ. ಅದನ್ನು ಕೈಕೆಳಗಿಂದ ತೆಗೆದರೆ ಕಣ್ಣು ಅಗಲ ಮಾಡುತ್ತಿದ್ದ. ನಾಗರತ್ನ ಪಾತ್ರೆ ತೊಳೆಯುವಾಗ, ಹೂವು ಕಟ್ಟುವಾಗ, ಒಳಗಿನಿಂದ ಆ ಟಕ್ ಟಕ್ ಕೇಳುತ್ತಲೇ ಇರುತ್ತಿತ್ತು.

ಕಾರ್ತಿಕ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಅವಳು ಪಟ್ಟು ಹಿಡಿದು ಕೂತಳು. ಅವತ್ತಿನ ಅರ್ಧ ಮಾತನ್ನಾದರೂ ಪೂರ್ತಿ ಮಾಡಿಸಲೇಬೇಕು. ತಾನು ಕಲಿತದ್ದು ನಾಲ್ಕನೇ ಕ್ಲಾಸು, ಆದರೆ ಅಕ್ಷರಮಾಲೆ ಬಾಯಿಗೆ ಬರುತ್ತದೆ. ಅವನ ಎದುರು ಕೂತು, "ನಾನು ಹೇಳ್ತಾ ಹೋಗ್ತೀನಿ, ನಿಮಗೆ ಬೇಕಾದ ಅಕ್ಷರ ಬಂದಾಗ ಕಣ್ಣು ಮುಚ್ಚಿ ತೆಗೀರಿ" ಎಂದಳು. ಮೊದಲೂ ಒಮ್ಮೆ ಹೀಗೆ ಮಾಡಿ ಸೋತಿದ್ದರು. ಅವನು ಸುಮ್ಮನೆ ಅವಳನ್ನೇ ನೋಡಿದ, ಕೊನೆಗೆ ರೆಪ್ಪೆ ಮುಚ್ಚಿ ತೆರೆದ. ಹೌದು.

ಅ ಆ ಇಂದ ಶುರುಮಾಡಿದಳು. ಕ ಖ ಗ ದಾಟಿದಳು. ನಡುವೆ ಎರಡು ಸಲ ತಪ್ಪಿ ಮೊದಲಿಂದ ಬಂದಳು. ಮ ಎಂದಾಗ ಅವನು ಕಣ್ಣು ಮುಚ್ಚಿ ತೆರೆದ. ಮ, ಮಾ ಎಂದಳು. ಮತ್ತೆ ಮುಚ್ಚಿ ತೆರೆದ.

ಅಲ್ಲಿಗೆ ಅವಳ ತಾಳ್ಮೆ ಮುಗಿಯಿತು. ಅದು ಅವಳ ಹುಟ್ಟುಗುಣ. ಯಾರ ಮಾತನ್ನೂ ಕೊನೆತನಕ ಕೇಳಿದವಳಲ್ಲ.

"ಮಾತಾಡ್ಬ್ಯಾಡ ಅಂತಾನಾ?"

ಅವನು ನೆಟ್ಟಗೆ ನೋಡಿದ.

"ಮಾವನ ಮನೆಗೆ, ನಮ್ಮಪ್ಪನ ಹತ್ರ, ಹೋಗಿರು ಅಂತಾನಾ? ಮಾರಿಬಿಡು ಅಂತಾನಾ, ತೆಪ್ಪನ? ಮಾತ್ರೆ ನಿಲ್ಲಿಸು ಅಂತಾ? ಹೇಳ್ರಿ, ಮಾತ್ರೆನಾ?"

ಅವನು ನೆಟ್ಟಗೆ ನೋಡುತ್ತಲೇ ಇದ್ದ. ಆಮೇಲೆ ಕಣ್ಣು ಮುಚ್ಚಿಕೊಂಡ. ಅದು ಹೌದು ಅಲ್ಲವೆಂದು ಅವಳಿಗೆ ತಕ್ಷಣ ತಿಳಿಯಿತು. ಹೌದಾದರೆ ರೆಪ್ಪೆ ಕೂಡಲೇ ತೆರೆದುಕೊಳ್ಳುತ್ತಿತ್ತು. ಅವನಿಗೆ ಎಚ್ಚರವಿತ್ತು, ಎದೆ ಏರಿಳಿಯುತ್ತಿತ್ತು, ಅವನು ಅವಳ ಜೊತೆ ಮಾತು ಬಿಟ್ಟಿದ್ದ.

"ಇಲ್ಲ, ಇಲ್ಲ, ಮತ್ತೆ ಮೊದಲಿಂದ ಹೇಳ್ತೀನಿ, ಈ ಸಲ ನಡುವೆ ಬಾಯಿ ಹಾಕಂಗಿಲ್ಲ," ಎಂದಳು. ಅ ಆ ಇ ಈ ಎಂದು ಪೂರ್ತಿ ಹೇಳಿದಳು, ಕೊನೆಯ ಅಕ್ಷರದ ತನಕ. ಅವನು ಕಣ್ಣು ತೆರೆಯಲಿಲ್ಲ.

ಟ್ಯಾಬಿನ ಪರದೆಯನ್ನು ಅವಳೇ ಬೆರಳಲ್ಲಿ ಮುಟ್ಟಿದಳು. ಅವಳ ಬೆರಳಿಗೆ ಅದು ಏನೂ ತಕರಾರು ಮಾಡಲಿಲ್ಲ. ಬಸ್ ಸ್ಟ್ಯಾಂಡಿನ ಹೆಣ್ಣುದನಿ ಸ್ಪಷ್ಟವಾಗಿ "ನಾಗಿ ನೀನು ಇನ್ಮೇಲೆ" ಎಂದು ಹೇಳಿ ನಿಂತಿತು.

ಅವಳು ಟಕ್ ಎಂಬ ಸದ್ದಿಗಾಗಿ ಕಾದಳು. ಕೆಲಸಕ್ಕೆ ಬಾರದ ಸದ್ದಾದರೂ ಸರಿ, ಬರಲಿ ಎಂದು ಕಾದಳು. ಹೆಬ್ಬೆರಳು ಸುಣ್ಣದ ಡಬ್ಬಿಯ ಮೇಲೆ ಇತ್ತು, ಒತ್ತುವುದನ್ನು ಬಿಟ್ಟಿತ್ತು. ಹೊರಗೆ ಯಾರೋ ಮೀನಿನ ಬುಟ್ಟಿ ತೊಳೆದು ಗೋಡೆಗೆ ಬಡಿಯುತ್ತಿದ್ದರು. ಬಹಳ ಹೊತ್ತಿನ ಮೇಲೆ ಅವಳು ಎದ್ದು, ಅವನನ್ನು ಮೆಲ್ಲಗೆ ಹೊರಳಿಸಿ, ಬೆನ್ನಡಿ ಇರುವೆ ಏನಾದರೂ ಇದೆಯೇ ಎಂದು ಕೈಯಾಡಿಸಿ ನೋಡಿದಳು.