ಓಪನ್ ಹೌಸಿನಲ್ಲಿ ವಾಸು

ಸಿಂಗಪುರದಲ್ಲಿ ಪಿಯುಸಿಯಂಥ ಎ ಲೆವೆಲ್ ಪರೀಕ್ಷೆ ಬರೆದಿದ್ದ ಮಗಳ ರಿಸಲ್ಟ್ ಬರುವುದಕ್ಕೆ ಮೂರು ತಿಂಗಳು ಮೊದಲೇ ವಾಸು ಅವಳ ಭವಿಷ್ಯವನ್ನು ಎಕ್ಸೆಲ್ ಶೀಟಿಗೆ ಇಳಿಸಿಬಿಟ್ಟಿದ್ದ. ಇಪ್ಪತ್ತೆರಡು ಕೋರ್ಸು, ಹದಿನಾಲ್ಕು ಕಾಲಮ್ಮು. ಕೆಲಸ ಸಿಗುವ ಸಾಧ್ಯತೆ, ಎಐ ಬಂದರೂ ಆ ಕೆಲಸ ಉಳಿಯುವ ಸಾಧ್ಯತೆ, ಏಸಿಯಲ್ಲಿ ಕೂತು ಮಾಡುವಂಥದ್ದೋ ಬಿಸಿಲಲ್ಲಿ ನಿಂತು ಮಾಡುವಂಥದ್ದೋ, ಹೀಗೆ. ಪ್ರತಿಯೊಂದಕ್ಕೂ ಹತ್ತರಲ್ಲಿ ಇಷ್ಟೆಂದು ಅಂಕ ಕೊಟ್ಟು, ಪ್ರಿಂಟ್ ತೆಗೆದು, ಊಟದ ಮೇಜಿನ ಮೇಲೆ ಹರಡಿದ. ಹೆಂಡತಿ ಪದ್ಮಜಾ ಬ್ಯಾಂಕಿನವಳು. ಕನ್ನಡಕ ಮೇಲೆತ್ತಿ ಕಾಲಮ್ಮುಗಳನ್ನು ಎಣಿಸಿದಳು.

"ಹದಿಮೂರೇ ಇದೆಯಲ್ರೀ."

"ಹದಿನಾಲ್ಕು. ಪೇಜಿಗೆ ಹಿಡೀಲಿಲ್ಲ, ಕೊನೇದು ಕಟ್ ಆಗಿದೆ."

"ಯಾವ್ದು ಕಟ್ ಆಗಿರೋದು?"

ವಾಸು ಲ್ಯಾಪ್‌ಟಾಪ್ ತೆರೆದು ನೋಡಿದ. ಕಟ್ ಆಗಿದ್ದ ಕಾಲಮ್ಮಿನ ತಲೆಯ ಮೇಲೆ 'ಧೃತಿಗೆ ಇಷ್ಟವೇ?' ಎಂದಿತ್ತು. ಅದರ ಕೆಳಗಿನ ಇಪ್ಪತ್ತೆರಡು ಮನೆಗಳೂ ಖಾಲಿ ಇದ್ದವು. ಪದ್ಮಜಾ ಕನ್ನಡಕ ಕೆಳಗಿಳಿಸಿಕೊಂಡು ಅವನನ್ನು ನೋಡಿದಳು. ಬೈದಿದ್ದರೇ ವಾಸುವಿಗೆ ಸಮಾಧಾನವಾಗುತ್ತಿತ್ತು.

ಹಾಗಂತ ಅವನು ಕೇಳಿರಲಿಲ್ಲ ಎಂದಲ್ಲ. ಮೂರು ಸಲ ಕೇಳಿದ್ದ. ಮೂರು ಸಲವೂ ಧೃತಿ ಫೋನಿನಿಂದ ತಲೆ ಎತ್ತದೆ "ನೋಡ್ತೀನಪ್ಪ" ಅಂದಿದ್ದಳು. ನಾಲ್ಕನೆಯ ಸಲ ಕೇಳುವ ಬದಲು ಅವನು ಕಿಟ್ಟಿಯನ್ನು ಕೇಳಿದ. ಕಿಟ್ಟಿ ಮೈಸೂರಿನ ಇಂಜಿನಿಯರಿಂಗ್ ಕಾಲೇಜಿನಿಂದ ಜೊತೆಗಿದ್ದ ಗೆಳೆಯ, ಈಗ ಸಿಂಗಪುರದಲ್ಲೇ ಟ್ಯಾಂಪಿನೀಸಿನಲ್ಲಿ ಮನೆ, ಚಾಂಗಿ ಕಡೆ ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರು. ಅವನ ಮಗ ಇನ್ನೂ ಪ್ರೈಮರಿ ಎರಡರಲ್ಲಿದ್ದುದರಿಂದ ಯುನಿವರ್ಸಿಟಿ ವಿಷಯದಲ್ಲಿ ಕಿಟ್ಟಿಗೆ ಯಾವ ಗೊಂದಲವೂ ಇರಲಿಲ್ಲ. "ಡೇಟಾ ಸೈನ್ಸ್ ಕಣೋ. ಕಣ್ಮುಚ್ಕೊಂಡು ಹಾಕ್ಸು" ಅಂದ. ಶೀಟಿನಲ್ಲಿ ಡೇಟಾ ಸೈನ್ಸು ಮೊದಲನೆಯ ಸ್ಥಾನಕ್ಕೆ ಬಂತು. ವಾಸು ಸ್ವತಃ ಓದಿದ ಕೆಮಿಕಲ್ ಇಂಜಿನಿಯರಿಂಗು ಇಪ್ಪತ್ತೆರಡನೆಯದು. ಹತ್ತೊಂಬತ್ತು ವರ್ಷದಿಂದ ಬೆಳಿಗ್ಗೆ ಆರೂಕಾಲಕ್ಕೆ ಕಂಪನಿ ಬಸ್ಸು ಹತ್ತಿ ಜುರಾಂಗ್ ಐಲ್ಯಾಂಡಿನ ರಿಫೈನರಿಗೆ ಹೋಗಿಬರುವವನ ಅಭಿಪ್ರಾಯ ಅದು.

ರಿಸಲ್ಟ್ ಬಂದ ವಾರವೇ, ಶನಿವಾರ, ಯುನಿವರ್ಸಿಟಿಯವರು ತಮ್ಮ ಕೋರ್ಸುಗಳನ್ನು ಪರಿಚಯಿಸುವ ಓಪನ್ ಹೌಸು ಇತ್ತು. ಪದ್ಮಜಾಗೆ ಆ ದಿನ ಆಡಿಟ್ ಕೆಲಸ. ಹಿಂದಿನ ದಿನವೇ ಗಂಡನನ್ನು ಕೂರಿಸಿಕೊಂಡು ಷರತ್ತು ಹಾಕಿದಳು.

"ಅಲ್ಲಿ ಮಾತಾಡ್ಬೇಕಾದ್ದು ಅವಳು. ನೀವು ಇಡೀ ದಿನಕ್ಕೆ ಮೂರು ಪ್ರಶ್ನೆ ಕೇಳ್ಬಹುದು, ಅಷ್ಟೆ."

"ಮೂರಾ? ಪ್ರತಿ ಡಿಪಾರ್ಟ್‌ಮೆಂಟಿಗಾ?"

"ಒಟ್ಟು."

ಶನಿವಾರ ಬೆಳಗಾಗುತ್ತಲೇ ಪ್ಲಾಂಟಿನಿಂದ ಫೋನು ಬಂತು. ಪಂಪೊಂದು ಪದೇ ಪದೇ ನಿಂತುಹೋಗುತ್ತಿದೆ, ಬರಬೇಕು. ಹೋದ, ಸರಿಮಾಡಿಸಿದ, ಮನೆಗೆ ಹೋಗುವಷ್ಟು ಹೊತ್ತಿಲ್ಲದೆ ಹನ್ನೊಂದೂವರೆಗೆ ನೇರವಾಗಿ ಯುನಿವರ್ಸಿಟಿಗೇ ಬಂದ. ಗೇಟಿನಲ್ಲಿ ಕಾಯುತ್ತಿದ್ದ ಧೃತಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಎದೆಯ ಮೇಲೆ ಕಂಪನಿಯ ಹೆಸರಿದ್ದ ನೀಲಿ ಅಂಗಿ, ಕೊರಳಲ್ಲಿ ಐಡಿ ಕಾರ್ಡು, ಕಾಲಲ್ಲಿ ಒಂದೊಂದೂ ಒಂದು ಕೆಜಿ ತೂಗುವ ಸೇಫ್ಟಿ ಶೂಸು.

"ಅಪ್ಪಾ, ಸೀರಿಯಸ್ಲಿ?"

"ಟೈಮ್ ಇರ್ಲಿಲ್ಲ ಪುಟ್ಟಿ. ಬಾ, ಕಂಪ್ಯೂಟಿಂಗ್ ಟಾಕ್ ಶುರುವಾಗತ್ತೆ."

ಕಂಪ್ಯೂಟಿಂಗ್ ಹಾಲಿನಲ್ಲಿ ಕೂರಲು ಜಾಗವಿರಲಿಲ್ಲ. ಅಪ್ಪ ಅಮ್ಮಂದಿರೆಲ್ಲ ನೋಟ್ ಮಾಡಿಕೊಳ್ಳುತ್ತಿದ್ದರು, ಮಕ್ಕಳು ಫೋನು ನೋಡುತ್ತಿದ್ದರು. ವಾಸು ಹತ್ತೇ ನಿಮಿಷದಲ್ಲಿ ತನ್ನ ಮೂರು ಪ್ರಶ್ನೆಗಳನ್ನೂ ಮುಗಿಸಿ ನಾಲ್ಕನೆಯದಕ್ಕೆ ಕೈ ಎತ್ತಿದ. ಇಪ್ಪತ್ತು ವರ್ಷದ ಮೇಲೆ ಈ ಡಿಗ್ರಿಗೆ ಬೆಲೆ ಇರುತ್ತದೆಯೇ ಎಂದು ಕೇಳಿದ. ವೇದಿಕೆಯ ಮೇಲಿದ್ದ ಯುವ ಪ್ರೊಫೆಸರ್, "ಸರ್, ಇಪ್ಪತ್ತು ಇರಲಿ, ಐದು ವರ್ಷದ ಮಾತು ಕೇಳಿದರೂ ನಾನು ಊಹಿಸಿಯೇ ಹೇಳಬೇಕು" ಅಂದ. ಹಾಲೆಲ್ಲ ನಕ್ಕಿತು. ವಾಸು ಐದನೆಯ ಸಲ ಕೈ ಎತ್ತುವಷ್ಟರಲ್ಲಿ ಧೃತಿ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು.

"ಅಪ್ಪಾ, ನೀನು ಹೊರಗೆ ಹೋಗಿ ಕಾಫಿ ಕುಡಿ. ಪ್ಲೀಸ್ ಲಾ. ನಾನೇ ಬಂದು ಹುಡುಕ್ತೀನಿ."

ಸಿಂಗಪುರದವರ ಆ 'ಲಾ' ಅವಳ ಬಾಯಲ್ಲಿ ಬಂತೆಂದರೆ ಸಹನೆ ಮುಗಿಯಿತೆಂದು ಅರ್ಥ. ವಾಸು ಎದ್ದು ಹೊರಟ. ಮೆಟ್ಟಿಲುಗಳ ಮೇಲೆ ಶೂಸು ಟಕ್ ಟಕ್ ಅನ್ನುವುದನ್ನು ಹಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು.

ಕಾಫಿ ಹುಡುಕುತ್ತ ಅವನು ಇಂಜಿನಿಯರಿಂಗ್ ಬ್ಲಾಕಿನ ಅಂಗಳಕ್ಕೆ ಬಂದ. ಸಾಲಾಗಿ ಮೇಜುಗಳು. ಕಿತ್ತಳೆ ಬಣ್ಣದ ಟೀ ಶರ್ಟು ತೊಟ್ಟ ವಿದ್ಯಾರ್ಥಿನಿಯೊಬ್ಬಳು ಅವನ ಅಂಗಿಯ ಮೇಲಿನ ಹೆಸರು ಓದಿ ಓಡಿ ಬಂದಳು.

"ಅಂಕಲ್, ನೀವು ಇಂಡಸ್ಟ್ರಿಯವರಲ್ವಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಹೌದು" ಅಂದ ವಾಸು. ಅದು ಸುಳ್ಳಲ್ಲ.

"ಅಬ್ಬ! ಬನ್ನಿ ಬನ್ನಿ, ಎಷ್ಟು ಹೊತ್ತಿಂದ ಕಾಯ್ತಿದ್ದೀವಿ."

ಆಗಲೇ ಅವನು ಹೇಳಬಹುದಿತ್ತು, ಅಮ್ಮಾ, ನೀನು ಕಾಯುತ್ತಿರುವುದು ನನ್ನನ್ನಲ್ಲ ಎಂದು. ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಆಮೇಲೆ ಪದ್ಮಜಾ ಎಷ್ಟು ಬಗೆಯಲ್ಲಿ ಕೇಳಿದರೂ ಅವನ ಬಳಿ ಒಂದೇ ಉತ್ತರವಿತ್ತು. ಯಾರಾದರೂ ತನಗಾಗಿ ಕಾಯುತ್ತಿದ್ದೇವೆ ಎಂದು ಹೇಳಿ ಬಹಳ ದಿನವಾಗಿತ್ತು. ಅವಳು ತೋರಿಸಿದ ಕುರ್ಚಿಯಲ್ಲಿ ಕೂತ. ಎದುರಿಗೆ 'ಕೆಮಿಕಲ್ ಇಂಜಿನಿಯರಿಂಗ್: ಇಂಡಸ್ಟ್ರಿ ಮೆಂಟರ್' ಎಂಬ ಫಲಕವಿತ್ತು. ತಣ್ಣಗಿನ ನೀರಿನ ಬಾಟಲಿಯನ್ನೂ ಕೊಟ್ಟರು.

ಮೊದಲು ಬಂದದ್ದು ಒಬ್ಬ ತಾಯಿ, ಜೊತೆಗೆ ಮಗ. ರಿಫೈನರಿಯಲ್ಲಿ ಏನು ಮಾಡುತ್ತಾರೆ ಎಂದು ಹುಡುಗ ಕೇಳಿದ. ವಾಸು ಗಂಟಲು ಸರಿಮಾಡಿಕೊಂಡ. ನೀನಿರುವ ಎಚ್‌ಡಿಬಿ ಬ್ಲಾಕ್, ಆ ಬಹುಮಹಡಿ ಸರ್ಕಾರಿ ಕಟ್ಟಡ ಇದೆಯಲ್ಲ, ಹಾಗೆ ಒಂದು ಎತ್ತರದ ಕಂಬ ಅಂದುಕೋ. ಕಚ್ಚಾ ಎಣ್ಣೆಯನ್ನು ಕಾಯಿಸಿ ಅದರೊಳಗೆ ಬಿಟ್ಟರೆ ಹಗುರವಾದದ್ದೆಲ್ಲ ಮೇಲಿನ ಮಹಡಿಗೆ ಹೋಗುತ್ತದೆ, ಭಾರದ್ದು ಕೆಳಗೇ ಉಳಿಯುತ್ತದೆ. ತುತ್ತತುದಿಯಲ್ಲಿ ಗ್ಯಾಸು, ಅದರ ಕೆಳಗೆ ಪೆಟ್ರೋಲು, ನಡುವಿನ ಮಹಡಿಗಳಲ್ಲಿ ವಿಮಾನದ ಎಣ್ಣೆ, ಡೀಸೆಲ್ಲು, ತೀರಾ ಕೆಳಗೆ, ಮನೆಗಳಿಲ್ಲದೆ ತೆರೆದಿರುವ ವಾಯ್ಡ್ ಡೆಕ್ಕಿನಲ್ಲಿ ತಾರು. ಒಬ್ಬೊಬ್ಬರನ್ನೂ ಅವರವರ ಮಹಡಿಯಲ್ಲೇ ಇಳಿಸುವುದು ನಮ್ಮ ಕೆಲಸ.

ಹುಡುಗ ನಕ್ಕ. ಪಕ್ಕದ ಮೇಜಿನವರೂ ತಿರುಗಿ ನೋಡಿದರು. ಅಲ್ಲಿಂದ ಮುಂದೆ ವಾಸುವಿಗೆ ಬ್ರೇಕಿರಲಿಲ್ಲ. ಪಂಪಿನ ಮೈಗೆ ಸ್ಕ್ರೂಡ್ರೈವರಿನ ತುದಿ ಇಟ್ಟು ಹಿಡಿಯನ್ನು ಕಿವಿಗೊತ್ತಿಕೊಂಡರೆ ಒಳಗಿನ ಬೇರಿಂಗಿಗೆ ಹುಷಾರಿಲ್ಲದ್ದು ಹೇಗೆ ಕೇಳಿಸುತ್ತದೆ ಎಂದು ಪೆನ್ನು ಮೇಜಿಗೊತ್ತಿ ತೋರಿಸಿದ. ಇವತ್ತು ಬೆಳಿಗ್ಗೆ ತಾನೇ ಹಾಗೆ ಕೇಳಿ ಬಂದಿದ್ದೇನೆ ಅಂದ. ಸುತ್ತ ಹತ್ತು ಹನ್ನೆರಡು ಮಂದಿ ಸೇರಿದರು. ಇಷ್ಟು ಚೆನ್ನಾದ ಕೆಲಸವನ್ನು ಇಪ್ಪತ್ತೆರಡನೆಯ ಸ್ಥಾನಕ್ಕೆ ಹಾಕಿದ್ದವನು ತಾನೇ ಎಂಬುದು ಆ ಮುಕ್ಕಾಲು ಗಂಟೆಯಲ್ಲಿ ಒಮ್ಮೆಯೂ ಅವನ ತಲೆಗೆ ಬರಲಿಲ್ಲ.

ಮುಂದಿನವರು ಬನ್ನಿ ಎಂದು ತಲೆ ಎತ್ತಿದರೆ ಎದುರಿನ ಕುರ್ಚಿಯಲ್ಲಿ ಧೃತಿ ಕೂತಿದ್ದಳು.

"ಹಲೋ ಅಂಕಲ್" ಅಂದಳು. ಆಮೇಲೆ ಸುತ್ತಲಿದ್ದವರಿಗೆ ತಿಳಿಯದಿರಲೆಂದು ಕನ್ನಡಕ್ಕೆ ತಿರುಗಿದಳು. "ಒಂದು ಡೌಟು. ಈ ಕೋರ್ಸನ್ನ ನಿಮ್ಮ ಮಗಳಿಗೆ ರೆಕಮೆಂಡ್ ಮಾಡ್ತೀರಾ?"

ವಾಸು ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದ. ಅದು ಆಗಲೇ ತೆರೆದಿತ್ತು.

"ಯಾವಾಗ ಬಂದೆ?"

"ವಾಯ್ಡ್ ಡೆಕ್ಕಿನಲ್ಲಿ ತಾರು ಅಂದಾಗ. ಉತ್ತರ ಹೇಳಪ್ಪ, ಹಿಂದೆ ಕ್ಯೂ ಇದೆ."

"ಶೀಟಲ್ಲಿ ಬೇಡ ಅಂತ ಕೊನೇಗೆ ಹಾಕಿದ್ದೆ" ಎಂದ ವಾಸು ಮೆಲ್ಲಗೆ. "ಅದು ಕೆಲಸ ಚೆನ್ನಾಗಿಲ್ಲ ಅಂತಲ್ಲ ಪುಟ್ಟಿ. ಪ್ಲಾಂಟ್ ನಿಲ್ಸಿ ರಿಪೇರಿ ಮಾಡೋ ಶಟ್‌ಡೌನ್ ಬಂತಂದ್ರೆ ತಿಂಗಳುಗಟ್ಲೆ ಮನೆ ಕಡೆ ತಲೆ ಹಾಕಕ್ಕಾಗಲ್ಲ. ನಿನ್ನ ಸ್ಕೂಲ್ ಕಾನ್ಸರ್ಟು ಒಂದಾದ್ರೂ ಪೂರ್ತಿ ನೋಡಿದೀನಾ? ಬಿಸಿಲು, ವಾಸನೆ, ಫೋನು. ನೀನು ತಣ್ಣಗೆ ಒಂದ್ಕಡೆ ಕೂತಿರ್ಲಿ ಅಂತ." ಕಣ್ಣ ಮುಂದೆ ಆಗಲೇ ಹೆಲ್ಮೆಟ್ಟು ತೊಟ್ಟ ಧೃತಿ ಅವನ ಜೊತೆ ಬಸ್ಸು ಹತ್ತುತ್ತಿದ್ದಳು. "ಆದ್ರೆ ನಿನಗೆ ಅಷ್ಟು ಇಷ್ಟ ಇದ್ರೆ ನಾನು ಅಡ್ಡ ಬರಲ್ಲ. ಕೆಮಿಕಲ್ಲೇ ತಗೋ."

"ಅಯ್ಯೋ, ನನಗೆ ಬೇಡಪ್ಪ! ಸುಮ್ನೆ ಕೇಳ್ದೆ." ಧೃತಿ ನಕ್ಕಳು. "ನೀನು ಕೆಲಸದ ಬಗ್ಗೆ ಇಷ್ಟು ಖುಷಿಯಾಗಿ ಮಾತಾಡಿದ್ದು ನಾನು ಇವತ್ತೇ ನೋಡಿದ್ದು. ಮನೇಲಿ ಬರೀ ಬಸ್ ಲೇಟಾಯ್ತು ಅಂತೀಯ."

ಬಸ್ಸಿನಲ್ಲಿದ್ದ ಧೃತಿ ಹೆಲ್ಮೆಟ್ಟಿನ ಸಮೇತ ಮಾಯವಾದಳು. ಅಷ್ಟರಲ್ಲಿ ಕಪ್ಪು ಕೋಟಿನ ಚೀನೀ ಮಹಿಳೆಯೊಬ್ಬರು ಏದುಸಿರು ಬಿಡುತ್ತ ಬಂದು, ಟ್ಯಾಕ್ಸಿ ಸಿಗಲಿಲ್ಲ, ಕ್ಷಮಿಸಿ, ಮೆಂಟರ್ ನಾನೇ ಅಂದರು. ಕಿತ್ತಳೆ ಟೀ ಶರ್ಟಿನವಳು ಅವರನ್ನೂ ವಾಸುವನ್ನೂ ನೋಡಿದಳು. "ಹಾಗಾದ್ರೆ ಅಂಕಲ್, ನೀವು?"

"ಪೇರೆಂಟ್" ಅಂದ ವಾಸು. ಆ ಒಂದು ಶಬ್ದವನ್ನು ಅಷ್ಟು ಅಪರಾಧಿಯ ದನಿಯಲ್ಲಿ ಆ ಅಂಗಳದಲ್ಲಿ ಬೇರೆ ಯಾರೂ ಹೇಳಿರಲಾರರು. ಮೆಂಟರ್ ಮಹಿಳೆ ಕೈ ಕುಲುಕಿದರು. ಸುತ್ತ ನಿಂತಿದ್ದವರಲ್ಲಿ ಒಬ್ಬಿಬ್ಬರು ಚಪ್ಪಾಳೆಯನ್ನೂ ತಟ್ಟಿದರು, ಹೊಗಳಿದ್ದೋ ಕಳಿಸಿದ್ದೋ ತಿಳಿಯಲಿಲ್ಲ.

"ಹಾಗಾದ್ರೆ ನಿನಗೆ ಏನು ಬೇಕು?" ನಡೆಯುತ್ತ ಕೇಳಿದ. ಅದು ನಾಲ್ಕನೆಯ ಸಲ.

"ಬಾ, ತೋರಿಸ್ತೀನಿ."

ಎರಡು ಕಟ್ಟಡ ದಾಟಿ ಅವಳು ಕರೆದುಕೊಂಡು ಹೋದದ್ದು ಕ್ಯೂ ಇಲ್ಲದ ಒಂದು ಮೇಜಿಗೆ. ಜಿಯಾಗ್ರಫಿ. ವಾಸುವಿನ ಇಪ್ಪತ್ತೆರಡರಲ್ಲಿ ಅದು ಇರಲೇ ಇಲ್ಲ. ಮೇಜಿನ ಹಿಂದೆ ನರೆಗೂದಲಿನ ಪ್ರೊಫೆಸರೊಬ್ಬರು ಒಂಟಿಯಾಗಿ ಕೂತಿದ್ದರು. ಅವರ ಮುಂದೆ ಸಿಂಗಪುರದ ಹಳೆಯ ನಕ್ಷೆ. ಧೃತಿ ಕೂತವಳೇ ನಕ್ಷೆಯ ಕೆಳಗಿನ ಎಡ ಮೂಲೆಗೆ ಬೆರಳಿಟ್ಟಳು. ಅಲ್ಲಿ ನೀಲಿ ಸಮುದ್ರದಲ್ಲಿ ಪುಟ್ಟ ಪುಟ್ಟ ದ್ವೀಪಗಳು ಚೆಲ್ಲಿದ್ದವು.

"ಅಪ್ಪಾ, ಇದು ನಿನ್ನ ಆಫೀಸು."

ಜುರಾಂಗ್ ಐಲ್ಯಾಂಡು ಒಂದು ದ್ವೀಪವಲ್ಲ, ಏಳು ದ್ವೀಪಗಳ ನಡುವಿನ ಸಮುದ್ರಕ್ಕೆ ಮಣ್ಣು ಸುರಿದು ಹೊಲಿದದ್ದು ಎಂದು ಅವಳು ಹೇಳಿದಳು. ಸಾಕ್ರಾ, ಪೆಸೆಕ್, ಮೆರ್ಲಿಮಾವ್ ಎಂದು ಒಂದೊಂದನ್ನೂ ಮುಟ್ಟಿ ತೋರಿಸಿದಳು. ಮೀನು ಹಿಡಿಯುವವರ ಹಳ್ಳಿಗಳಿದ್ದವಂತೆ. ಮೆರ್ಲಿಮಾವ್ ರೋಡ್ ಎಂದರೆ ಹತ್ತೊಂಬತ್ತು ವರ್ಷದಿಂದ ವಾಸುವಿಗೆ ಬಸ್ಸು ತಿರುಗುವ ಜಾಗ, ಅಷ್ಟೆ. ಅದು ಒಂದು ದ್ವೀಪದ ಹೆಸರೆಂದು ಯೋಚಿಸಿಯೂ ಇರಲಿಲ್ಲ.

ಮಗಳೂ ಪ್ರೊಫೆಸರೂ ಅರ್ಧ ಗಂಟೆ ಮಾತಾಡಿದರು. ಸಮುದ್ರ ಏರಿದರೆ ಏನು, ಸುರಿದ ಮಣ್ಣು ಎಷ್ಟು ವರ್ಷ ಕುಸಿಯುತ್ತದೆ. ಮನೆಯಲ್ಲಿ 'ನೋಡ್ತೀನಪ್ಪ' ಎಂಬ ಒಂದೇ ವಾಕ್ಯ ಆಡುವ ಹುಡುಗಿಯ ಬಾಯಿಂದ ಬರುತ್ತಿದ್ದ ಉದ್ದುದ್ದ ವಾಕ್ಯಗಳನ್ನು ವಾಸು ಬೆಪ್ಪಾಗಿ ಕೇಳುತ್ತ ನಿಂತ. ನಡುವೆ ಅವಳು ತಿರುಗಿ, "ಅಪ್ಪಾ, ನಿಮ್ಮ ಟ್ಯಾಂಕುಗಳು ಕುಸಿಯತ್ತಾ?" ಎಂದಳು.

"ಕುಸಿಯತ್ತೆ. ಸರ್ವೆ ಮಾಡಿಸಿ ಬರ್ದಿಡ್ತೀವಿ, ಮಿಲಿಮೀಟರ್ ಲೆಕ್ಕದಲ್ಲಿ" ಅಂದ.

ಪ್ರೊಫೆಸರು ಆಸಕ್ತಿಯಿಂದ ಅವನತ್ತ ಬಾಗಿದರು. ಎಷ್ಟು ಮಿಲಿಮೀಟರು, ಯಾವ ಕಡೆ ಹೆಚ್ಚು ಎಂದು ಕೇಳಿದರು. ವಾಸುವಿಗೆ ಬಾಯಿ ತುಂಬ ಮಾತು ಬಂತು. ಪಕ್ಕದ ಖಾಲಿ ಕುರ್ಚಿಯನ್ನು ಎಳೆದುಕೊಳ್ಳಲು ಕೈಯನ್ನೂ ಚಾಚಿದ. ಆಮೇಲೆ ಧೃತಿಯ ಮುಖ ನೋಡಿ, "ನೀವು ಅವಳ ಜೊತೆ ಮಾತಾಡಿ, ನಾನು ಕಾಫಿ ತರ್ತೀನಿ" ಎಂದು ಹೊರಟ. ಜೀವನದಲ್ಲಿ ಇಷ್ಟು ಕಷ್ಟಪಟ್ಟು ಅವನು ಬೇರೆ ಯಾವ ಕಾಫಿಯನ್ನೂ ತಂದಿರಲಿಲ್ಲ.

ಮುಂದಿನ ವಾರ ಧೃತಿ ಅರ್ಜಿಯಲ್ಲಿ ಜಿಯಾಗ್ರಫಿಯನ್ನು ಮೊದಲನೆಯದಾಗಿ ತುಂಬಿದಳು. ಸಬ್ಮಿಟ್ ಒತ್ತುವಾಗ ಅಪ್ಪ ಹಿಂದೆ ನಿಂತು ಉಸಿರಾಡುವುದು ಬೇಡವೆಂದು ಅವನನ್ನು ಅಡುಗೆಮನೆಗೆ ಕಳಿಸಿದಳು. ಪದ್ಮಜಾ ಎಲ್ಲ ಕೇಳಿ, "ಒಳ್ಳೇದಾಯ್ತು. ಅವಳು ಎಂಟನೇ ವಯಸ್ಸಲ್ಲೇ ಮಳೆ ಬಂದ್ರೆ ಕಾಲುವೆ ನೋಡೋಕೆ ಓಡ್ತಿದ್ಲು" ಅಂದಳು. ಅದು ಪದ್ಮಜಾಗೆ ಮೊದಲೇ ಗೊತ್ತಿತ್ತು. ಯಾರೂ ಅವಳನ್ನು ಕೇಳಿರಲಿಲ್ಲ, ಅಷ್ಟೆ.

ಯುಗಾದಿ ದಿನ ಕನ್ನಡದವರೆಲ್ಲ ಸೇರಿದ್ದ ಊಟದಲ್ಲಿ ಜಯಾ ಆಂಟಿ ಒಬ್ಬಟ್ಟಿಗೆ ತುಪ್ಪ ಹಾಕಿಕೊಳ್ಳುತ್ತ, ಮಗಳು ಯಾವ ಕೋರ್ಸಪ್ಪ ಎಂದು ಕೇಳಿದರು.

"ಜಿಯೋಸ್ಪೇಷಿಯಲ್... ಅನಾಲಿಟಿಕ್ಸ್ ಥರ" ಅಂದ ವಾಸು.

ಪಕ್ಕದಲ್ಲಿದ್ದ ಧೃತಿ ತಿರುಗಿ ನೋಡಿದಳು. ಅವಳಮ್ಮನದೇ ನೋಟ. ಆಮೇಲೆ ತಟ್ಟೆ ಹಿಡಿದು ಬಂದ ಕಿಟ್ಟಿ ಅದೇ ಪ್ರಶ್ನೆ ಕೇಳಿದಾಗ ವಾಸು "ಜಿಯಾಗ್ರಫಿ!" ಎಂದ. ದನಿ ಎಷ್ಟು ಜೋರಾಗಿ ಬಂತೆಂದರೆ ಚಿತ್ರಾನ್ನ ಬಡಿಸುತ್ತಿದ್ದವರು ಚಮಚ ಹಿಡಿದು ನಿಂತರು.

ಕಿಟ್ಟಿ ಬಾಯಿಗೆ ಹೊರಟಿದ್ದ ಒಬ್ಬಟ್ಟನ್ನು ತಟ್ಟೆಗೇ ಇಳಿಸಿದ. "ಓದಿ ಏನ್ ಮಾಡ್ತಾಳೋ?"

"ಗೊತ್ತಿಲ್ಲ ಕಣೋ."

ಕಿಟ್ಟಿ ತಟ್ಟೆಯನ್ನು ಎಡಗೈಗೆ ಬದಲಾಯಿಸಿಕೊಂಡು, ಸಾವಿನ ಮನೆಗೆ ಬಂದವನ ಹಾಗೆ ವಾಸುವಿನ ಭುಜದ ಮೇಲೆ ಕೈ ಇಟ್ಟ. "ಪರವಾಗಿಲ್ಲ ಬಿಡೋ. ಮಾಸ್ಟರ್ಸಲ್ಲಿ ಸರಿ ಮಾಡ್ಕೋಬಹುದು."

ಧೃತಿ, ಕುಡಿಯುತ್ತಿದ್ದ ಪಾಯಸ ನೆತ್ತಿಗೆ ಹತ್ತಿ, ಕೆಮ್ಮತೊಡಗಿದಳು. ವಾಸು ಮಗಳ ಬೆನ್ನು ತಟ್ಟಿದ. ನಗಬಾರದೆಂದು ತುಟಿ ಕಚ್ಚಿಕೊಂಡ, ಆಗಲಿಲ್ಲ.