ಕಾಣಿಸಲಿಲ್ಲ ಎಂದ ಮಾತು

ಲೋಧಿ ಕಾಲೋನಿಯ ಆ ಪ್ರಾಣಿ ಆಸ್ಪತ್ರೆಯಲ್ಲಿ, ಮಂಪರು ಇನ್ನೂ ಇಳಿಯದ ನಾಯಿಯೊಂದರ ಕಿವಿಯ ಬಳಿ ಬಾಗಿ ಯಾರೋ ಕನ್ನಡದಲ್ಲಿ ಸಮಾಧಾನ ಹೇಳುತ್ತಿದ್ದರು. ಸುತ್ತಲಿನ ಹಿಂದಿಯ ನಡುವೆ ತನ್ನ ಭಾಷೆ ಕೇಳಿ ಗಗನಾ ಅಲ್ಲೇ ನಿಂತುಬಿಟ್ಟಳು. ಅವಳು ಬಂದದ್ದು ಅದೇ ನಾಯಿಯ ಹೊಟ್ಟೆಯಡಿಯಿಂದ ತೆಗೆದ ಗಡ್ಡೆಯ ತುಂಡನ್ನು ಒಯ್ಯಲು.

ನಾಯಿಯ ಹೆಸರು ಬೆಳ್ಳಿ. ಸಮಾಧಾನ ಹೇಳುತ್ತಿದ್ದವರು ಅದನ್ನು ಸಾಕಿದ ಸರಳಾ, ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಒಬ್ಬರೇ ಇರುವವರು, ಸಚಿವಾಲಯವೊಂದರಲ್ಲಿ ನಿವೃತ್ತಿಗೆ ಹತ್ತಿರವಾದ ಅಧಿಕಾರಿ. ಸಂಶೋಧನೆಗೆ ತುಂಡು ಕೊಡಲು ಅವರು ಮರುಮಾತಿಲ್ಲದೆ ಒಪ್ಪಿದರು. ಕೇಳಿಕೊಂಡದ್ದು ಒಂದೇ, ಅದರಲ್ಲಿ ಏನು ಕಂಡಿತೆಂದು ತಮಗೂ ತಿಳಿಸಬೇಕು. ಗಗನಾ ಆಗಲಿ ಆಂಟಿ ಎಂದಳು.

ಅವಳ ಪ್ರಯೋಗಾಲಯ ಇದ್ದದ್ದು ಮಾನೇಸರ್‌ನಲ್ಲಿ, ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಗಳ ಸಾಲಿನ ಹಿಂದೆ. ನಾಯಿಗಳ ಗಡ್ಡೆಯಲ್ಲಿ ಒಂದು ಪುಟ್ಟ ಆರ್‌ಎನ್‌ಎ ಯಾವ ಜೀವಕೋಶಗಳಲ್ಲಿ ಇದೆ ಎಂದು ಕಣ್ಣಿಗೆ ಕಾಣುವಂತೆ ಮಾಡುವುದು ಅವಳ ಕೆಲಸ. ಗಡ್ಡೆಯನ್ನು ಈರುಳ್ಳಿ ಪೊರೆಗಿಂತ ತೆಳ್ಳಗೆ ಸೀಳಿ ಗಾಜಿನ ಸ್ಲೈಡಿಗೆ ಅಂಟಿಸಿ, ಆ ಆರ್‌ಎನ್‌ಎಗೆ ಮಾತ್ರ ಜೋಡಿಯಾಗುವ ಇನ್ನೊಂದು ಎಳೆಯನ್ನು ಮೇಲೆ ಬಿಟ್ಟು, ಬಿಸಿಯಲ್ಲಿಟ್ಟು ತೊಳೆಯುತ್ತಾರೆ. ಎಳೆ ಎಲ್ಲಿ ಕಚ್ಚಿಕೊಂಡಿದೆಯೋ ಅಲ್ಲಿ ಕೊನೆಗೆ ನೀಲಿ ಬಣ್ಣ ಮೂಡುತ್ತದೆ.

ಬೆಳ್ಳಿಯ ಸ್ಲೈಡುಗಳಲ್ಲಿ ಬಣ್ಣ ಮೂಡಲಿಲ್ಲ. ಮತ್ತೆ ಮಾಡಿದಳು, ಮತ್ತೆ ಪೇಲವ. ಆ ಬೇಸರದಲ್ಲಿದ್ದಾಗಲೇ ಸರಳಾ ಫೋನ್ ಮಾಡಿದರು. "ಏನೂ ಕಾಣಿಸಲಿಲ್ಲ ಆಂಟಿ" ಎಂದಳು ಗಗನಾ. ಅವರು ನೀಳವಾಗಿ ಉಸಿರುಬಿಟ್ಟು, ಒಳ್ಳೆಯದಾಗಲಿ ಮಗಳೇ ಎಂದು ಫೋನ್ ಇಟ್ಟರು. ಪಾಪ, ಅವರಿಗೂ ನಿರಾಸೆಯಾಯಿತು ಎಂದುಕೊಂಡಳು ಗಗನಾ.

ಆಮೇಲೆ ಅವಳು ಇನ್ನೊಂದು ಪರೀಕ್ಷೆ ಮಾಡಿ ನೋಡಿದಳು. ಪ್ರತಿ ಜೀವಕೋಶದಲ್ಲೂ ಇದ್ದೇ ತೀರಬೇಕಾದ ಬೇರೊಂದು ಆರ್‌ಎನ್‌ಎಯನ್ನು ಹುಡುಕಿದಳು. ಅದೂ ಸರಿಯಾಗಿ ಕಾಣಲಿಲ್ಲ. ಅಂದರೆ ಗಡ್ಡೆಯಲ್ಲಿ ಇಲ್ಲವೆಂದಲ್ಲ, ಈ ಆರ್‌ಎನ್‌ಎಗಳು ತೀರಾ ಚಿಕ್ಕ ತುಣುಕುಗಳಾದ್ದರಿಂದ ಬಿಸಿಗೆ ಸಡಿಲವಾಗಿ ತೊಳೆದ ನೀರಿನ ಜೊತೆ ಹೋಗಿಬಿಡುತ್ತಿದ್ದವು. ಬಿಸಿಗೆ ಇಡುವ ಮೊದಲೇ ಅವನ್ನು ಅಂಗಾಂಶಕ್ಕೆ ಬಿಗಿಯುವ ಒಂದು ರಾಸಾಯನಿಕ ಹಾಕಿ ನೋಡಿದಾಗ, ಗಡ್ಡೆಯ ಅಂಚಿನುದ್ದಕ್ಕೂ ಗಾಢ ನೀಲಿ ಮೂಡಿತು. ಯಾವುದಕ್ಕೂ ಜೋಡಿಯಾಗದ ಎಳೆ ಹಾಕಿದ್ದ ಪಕ್ಕದ ಸ್ಲೈಡು ಮಾತ್ರ ಸ್ವಚ್ಛವಾಗಿತ್ತು. ನೀಲಿ ನಿಜವೆಂಬುದಕ್ಕೆ ಅದೇ ಸಾಕ್ಷಿ.

ಫೋನಿನ ಆ ಮಾತಾಗಿ ಕೆಲವು ತಿಂಗಳಾಗಿದ್ದವು. ಒಂದು ಭಾನುವಾರ ಆ ನೀಲಿ ಸ್ಲೈಡಿನ ಚಿತ್ರವನ್ನು ಮೊಬೈಲಿನಲ್ಲಿಟ್ಟುಕೊಂಡು ಹಿಗ್ಗಿನಿಂದಲೇ ಕಿದ್ವಾಯಿ ನಗರಕ್ಕೆ ಹೋದಳು. ಸರಳಾ ಉಪ್ಪಿಟ್ಟು ಮಾಡಿದ್ದರು. ಬೆಳ್ಳಿ ಬಾಲ ಆಡಿಸುತ್ತ ಬಂದು ಅವಳ ಚಪ್ಪಲಿ ಮೂಸಿತು. ಗಗನಾ ಚಿತ್ರ ತೋರಿಸಿ, ಕೊನೆಗೂ ಕಾಣಿಸಿತು ಎಂದಳು.

ಸರಳಾ ಚಿತ್ರವನ್ನಲ್ಲ, ಅವಳನ್ನೇ ನೋಡಿದರು. "ಆವತ್ತು ಏನೂ ಇಲ್ಲ ಅಂದಿದ್ಯಲ್ಲಮ್ಮ?"

"ಯಾವತ್ತು ಆಂಟಿ?"

"ಫೋನಲ್ಲಿ. ಎಷ್ಟು ನೆಮ್ಮದಿ ಆಯ್ತು ಗೊತ್ತಾ? ಗಡ್ಡೆ ಮತ್ತೆ ಬರುತ್ತಾ ನೋಡೋಕೆ ತಿಂಗಳಿಗೊಂದ್ಸಲ ಕರ್ಕೊಂಡು ಬನ್ನಿ ಅಂದಿದ್ರು ಡಾಕ್ಟ್ರು. ಏನೂ ಇಲ್ವಲ್ಲ, ಇದಕ್ಯಾಕೆ ಸುಮ್ನೆ ಹಿಂಸೆ ಅಂತ ಹೋಗ್ಲೇ ಇಲ್ಲ."

ನಾನು 'ಕಾಣಿಸಲಿಲ್ಲ' ಅಂದೆ, 'ಇಲ್ಲ' ಅನ್ನಲಿಲ್ಲ ಎನ್ನುವ ಮಾತು ಗಗನಾಳ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಪ್ರಯೋಗಾಲಯದ ಸಭೆಯಲ್ಲಾಗಿದ್ದರೆ ಆ ಪೇಲವ ಸ್ಲೈಡಿನ ಬಗ್ಗೆ ಇಷ್ಟು ಹಗುರವಾಗಿ ಬಾಯಿಬಿಡುತ್ತಿರಲಿಲ್ಲ ಅವಳು. ಸೋತದ್ದು ತನ್ನ ವಿಧಾನವೋ, ನಿಜಕ್ಕೂ ಅಲ್ಲಿ ಏನೂ ಇಲ್ಲವೋ ಎಂದು ಹತ್ತು ಸಲ ಯೋಚಿಸುತ್ತಿದ್ದಳು. ಕಾದು ಕೂತಿದ್ದ ಈ ಹೆಂಗಸಿಗೆ ಮಾತ್ರ ಆ ಯೋಚನೆಯನ್ನೇ ಮಾಡದೆ ಹೇಳಿಬಿಟ್ಟಿದ್ದಳು.

"ತಪ್ಪು ನಂದೇ ಆಂಟಿ" ಎಂದಳು. ಆವತ್ತು ಕೆಟ್ಟದ್ದು ತನ್ನ ಪರೀಕ್ಷೆಯೆಂದೂ, ಇವತ್ತಿನ ನೀಲಿಯಿಂದಲೂ ಬೆಳ್ಳಿಯ ರೋಗ ಮರಳುತ್ತದೋ ಇಲ್ಲವೋ ತಿಳಿಯದೆಂದೂ, ಅದು ಎಷ್ಟೋ ನಾಯಿಗಳನ್ನು ನೋಡಿದ ಮೇಲೆ ಮುಂದೊಂದು ದಿನಕ್ಕೆ ಬರುವ ಉತ್ತರವೆಂದೂ ಬಿಡಿಸಿ ಹೇಳಿದಳು. ಸರಳಾ ಬೆಳ್ಳಿಯನ್ನು ಮಗ್ಗುಲಾಗಿ ಮಲಗಿಸಿ ಹೊಟ್ಟೆಯ ಮೇಲೆ ನಿಧಾನವಾಗಿ ಬೆರಳಾಡಿಸಿದರು. ಒಂದು ಕಡೆ ಬೆರಳು ನಿಂತಿತು.

ಮರುದಿನ ಇಬ್ಬರೂ ರಜೆ ಹಾಕಿ ಆಸ್ಪತ್ರೆಗೆ ಹೋದರು. ಕಡಲೆಕಾಳಿನಷ್ಟು ಗಂಟು. ಇನ್ನೂ ಚಿಕ್ಕದು, ತಡವೇನೂ ಆಗಿಲ್ಲ, ಈಗಲೇ ತೆಗೆದುಬಿಡೋಣ ಎಂದರು ಡಾಕ್ಟರು. ಬೆಳ್ಳಿಯನ್ನು ಒಳಗೆ ಒಯ್ದ ಮೇಲೆ ಇಬ್ಬರೂ ಬೆಂಚಿನ ಮೇಲೆ ಕೂತರು. ಆಗಷ್ಟೇ ತೆಗೆಯುವ ತಾಜಾ ತುಂಡು, ಅದಕ್ಕೆ ಮೊದಲಿನಿಂದಲೇ ಹೊಸ ವಿಧಾನ. ಇದಕ್ಕಿಂತ ಒಳ್ಳೆಯ ಮಾದರಿ ಸಿಗದೆಂದು ಗಗನಾಳಿಗೆ ಗೊತ್ತಿತ್ತು. ಡಬ್ಬಿಯನ್ನು ಚೀಲದಲ್ಲಿ ತಂದೂ ಇದ್ದಳು, ಆದರೆ ಕೇಳಲಿಲ್ಲ.

ಕೊನೆಗೆ ಸರಳಾ ಅವರೇ ಕೇಳಿದರು. "ಇದೂ ಬೇಕಾ ನಿಂಗೆ?"

"ಕೊಟ್ರೆ ನಂಗೆ ಉಪಯೋಗ ಆಂಟಿ. ಬೆಳ್ಳಿಗೆ ಇಲ್ಲ."

ಸರಳಾ ಆಪರೇಷನ್ ಕೋಣೆಯ ಬಾಗಿಲನ್ನೇ ನೋಡುತ್ತ ಯೋಚಿಸಿದರು. "ಈ ಸಲ ಬೇಡಮ್ಮ" ಎಂದರು. ಗಗನಾ ತಲೆಯಾಡಿಸಿದಳು. ಮಾದರಿಯ ಡಬ್ಬಿಯಿದ್ದ ಚೀಲವನ್ನು ಕಾಲಿನಿಂದ ಬೆಂಚಿನಡಿಗೆ ಸರಿಸಿದಳು.

ಗಂಟು ಪೂರ್ತಿ ಹೊರಬಂದಿದೆ, ಅಂಚಿನಲ್ಲಿ ರೋಗ ಉಳಿದಿಲ್ಲ ಎಂದು ಆಮೇಲೆ ವರದಿ ಬಂತು. ಆದರೆ ಆ ಸಂಜೆ ಅದಿನ್ನೂ ಯಾರಿಗೂ ತಿಳಿದಿರಲಿಲ್ಲ. ಮನೆಗೆ ಮರಳಲು ಕರೆದ ಆಟೋ ಭಯ್ಯಾ ನಾಯಿಯನ್ನು ಕಂಡು ಮೊದಲು ಗೊಣಗಿ ಆಮೇಲೆ ಒಪ್ಪಿದ. ತೂಕಡಿಸುತ್ತಿದ್ದ ಬೆಳ್ಳಿ ಒಬ್ಬರ ಮಡಿಲಲ್ಲಿ ಹಿಡಿಸುವಂತಿರಲಿಲ್ಲ. ಸರಳಾ ಅದರ ತಲೆಯನ್ನು ತಮ್ಮ ಕಡೆ ಇಟ್ಟುಕೊಂಡು, ಹಿಂಗಾಲುಗಳನ್ನು ಎತ್ತಿ ಗಗನಾಳ ತೊಡೆಯ ಮೇಲಿಟ್ಟರು. "ಗಟ್ಟಿಯಾಗಿ ಹಿಡ್ಕೋ" ಎಂದರು. ಅವಳು ಹಿಡಿದುಕೊಂಡಳು.