ಚಾದರ ಹಿಡಿದವರು

ಗೋಡೆಯ ಹಳೇ ಫೋಟೋವನ್ನು ಮೊಬೈಲಿಗೆ ಇಳಿಸಿಕೊಂಡಿದ್ದಾಳೆ ಕಾವ್ಯಾ, ಬೆರಳಾಡಿಸಿದರೆ ಸಾಕು ಕಲೆ ಹೋಗುತ್ತದೆ, ನೀರೂ ಬೇಡ ಬಟ್ಟೆಯೂ ಬೇಡ, ಧಣಿಯರ ಕೋಟಿನ ಮೇಲೆ ಹುಳ ತಿಂದ ತೂತು ಹೋಯಿತು, ಧಣಿಯಮ್ಮ ಚನ್ನಮಲ್ಲಮ್ಮನವರ ಹಣೆಯ ಮೇಲಿನ ತೇವದ ಗುರುತು ಹೋಯಿತು — ಬರುವ ವಾರ ಅವಳ ತಾತ, ನಮ್ಮ ಧಣಿ ಶರಣಯ್ಯನವರು ಹುಟ್ಟಿದ ನೂರನೆಯ ವರ್ಷದ ಕಾರ್ಯಕ್ರಮ, ರಾಯಚೂರಿನ ತುಂಬ ಬ್ಯಾನರು, ಬಾ ಆಯಿ, ನೋಡು, ನಿನ್ನ ಧಣ್ಯಾರು ಹ್ಯಾಂಗ ಹೊಳಿಯಾಕತ್ತಾರ, ಅನ್ನುತ್ತಾಳೆ, ಟಿವಿಯಲ್ಲಿ ಮತ್ತೆ ಯುದ್ಧ ಯುದ್ಧ ಅನ್ನುತ್ತಿದ್ದಾರೆ, ಆಗ ಟಿವಿ ಎಲ್ಲಿತ್ತು, ದೇವದುರ್ಗದ ಮನೆಯಲ್ಲಿ ರೇಡಿಯೋ, ಎಪ್ಪತ್ತೊಂದು, ಬಿಳಿಜೋಳ ಮೊಣಕಾಲೆತ್ತರ, ವಿಮಾನ ಬರುತ್ತದೆಂದು ಧಣಿಯರು ಕಿಟಕಿಗೆಲ್ಲ ಕರಿ ಕಾಗದ ಅಂಟಿಸಿದ್ದರು, ನಮ್ಮ ದೇವದುರ್ಗ ಅವಕ್ಕ ಎಲ್ಲಿ ಸಿಗಬೇಕ್ರೀ ಯಪ್ಪಾ, ಬಸ್ಸಿಗೇ ಸಿಗವಲ್ದು, ಎಂದು ಅಡುಗೆಯ ಗದ್ದೆಮ್ಮ ನಕ್ಕಿದ್ದಳು, ಆಗ ಪೇಪರಿಗೆಂದು ತೆಗೆಸಿದ್ದೇ ಈ ಫೋಟೋ, ಮುಖಂಡರ ಮನೆಯವರು ಹೆದರಿಲ್ಲ ಎಂದು ಜನರಿಗೆ ತೋರಬೇಕು, ಹಿಂದೆ ಕರಿ ಕಿಟಕಿ ಕಂಡರೆ ಹೇಗೆ, ಬಿಳಿ ಚಾದರ ಹಿಡೀರಿ ಯಾರಾರ ಇಬ್ರು, ಎಂದ ಫೋಟೋದವನು, ಕಸ ಗುಡಿಸುತ್ತಿದ್ದ ನಾನು ಈ ತುದಿ, ಆ ತುದಿ ಅವರು —

ಅವರ ರಜೆ ಮುಗಿದಿರಲಿಲ್ಲ, ದಂಡಿನಿಂದ ತಂತಿ ಬಂದಿತ್ತು, ಮದುವೆಯಾಗಿ ಒಂಬತ್ತು ದಿನ, ನನಗೆ ಹೇಳಿಹೋಗಲು ಬಂದವರ ಕೈಗೆ ಚಾದರ ಕೊಟ್ಟರು, ಬಸ್ಸಿಗೆ ಅರ್ಧ ತಾಸು, ಆ ಅರ್ಧ ತಾಸೂ ಅಲ್ಲೇ ಹೋಯಿತು, ಆದರೆ ಚಾದರದ ಹಿಂದೆ ನಾವಿಬ್ಬರೇ, ಮನೆ ತುಂಬ ಜನ ಇದ್ದ ಅತ್ತೆಮನೆಯಲ್ಲಿ ಅಷ್ಟು ಹೊತ್ತು ಅವರ ಮುಖ ನೋಡಿರಲಿಲ್ಲ, ಗಾಳಿ ಬಿಟ್ರ ಹಿಂಗೇ ಹಾರಿ ಇಬ್ರೂ ನೀರಮಾನ್ವಿ ಊರಾಗ ಬೀಳ್ತೀವಿ ನೋಡು, ಅಂದರು, ನಕ್ಕೆ, ಚಾದರ ಅಲುಗಿತು, ಯಾವಕಿ ಬೇ ಅಕಿ, ಕೈ ನೆಟ್ಟಗ ಇರಂಗಿಲ್ಲೇನು, ಫೋಟೋದವನು ಗದರಿದ, ಅವರು ಅಂಚು ಬಿಗಿಹಿಡಿದರು, ಟಕ್ಕೆಂದಿತು, ಬಸ್ಸಿನ ಹಾರ್ನು ಕೇಳಿತು — ಆಮೇಲೆ ಯುದ್ಧದಲ್ಲಿ ಅವರು ಹೋದ ಸುದ್ದಿಯ ಕಾಗದ ಬಂತು, ಬಟ್ಟೆಯ ಗಂಟು ಬಂತು, ಮುಖ ಬರಲಿಲ್ಲ, ಮದುವೆಯಲ್ಲಿ ಫೋಟೋ ತೆಗೆಸುವಷ್ಟು ದೊಡ್ಡವರೇ ನಾವು, ದಿನಾ ಈ ಫೋಟೋದ ಧೂಳು ಒರೆಸುವಾಗ ಆ ಅಂಚನ್ನು ಒಂದು ಗಳಿಗೆ ಹೆಚ್ಚು ಒರೆಸಿದ್ದೇನೆ, ಆ ಕಡೆ ಅವರ ನಾಲ್ಕು ಬೆರಳು, ಈ ಕಡೆ ನನ್ನವು ನಾಲ್ಕು, ನಡುವೆ ಧಣಿಯರ ಸಂಸಾರವೆಲ್ಲ ಕೂತಿದೆ —

ಇಲ್ನೋಡಾಯಿ, ಯಾರವೋ ಬೆರಳು ಬಂದಾವ, ಹೊಲಸು ಕಾಣ್ತದ, ಕಾವ್ಯಾ ಬೆರಳಾಡಿಸಿದಳು, ಈ ಕಡೆಯವು ಹೋದವು, ನನ್ನವು, ಹೋಗಲಿ, ನಾನಿನ್ನೂ ಇದ್ದೇನಲ್ಲ, ಅವಳ ಬೆರಳು ಆ ಕಡೆ ಸರಿಯುತ್ತಿದೆ, ಬ್ಯಾಡವ್ವಾ, ಅಂದೆ, ನನ್ನ ದನಿಯೇನು ಇದು, ಯಾಕಾಯಿ, ಯಾರವು, ಕೇಳುತ್ತಾಳೆ, ಗಂಡನ ಹೆಸರು ಬಾಯಲ್ಲಿ ತರಬಾರದು, ಓಟಿನ ಪಟ್ಟಿಯವರು ಬಂದಾಗಲೂ ಗದ್ದೆಮ್ಮನೇ ಹೇಳಿದಳು, ಒಬ್ಬಳೇ ಇದ್ದಾಗಲೂ ನಾನು ಒಮ್ಮೆಯೂ ಅಂದಿಲ್ಲ, ಹೇಳಾಯಿ, ಇಲ್ಲಂದ್ರ ತಗದ ಬಿಡ್ತೀನಿ, ಸಾಬಣ್ಣ, ಅಂದೆ, ನಮ್ಮವರು, ಸಾಬಣ್ಣ, ಕಾವ್ಯಾ ಎರಡು ಬೆರಳಿಂದ ಫೋಟೋ ಹಿಗ್ಗಿಸಿದಳು, ದೊಡ್ಡದಾಯಿತು, ಇನ್ನೂ ದೊಡ್ಡದು, ಧಣಿಯರು ಆಚೆ ಸರಿದರು, ಮನೆಯವರೆಲ್ಲ ಸರಿದರು, ಬರೀ ಬಿಳಿ ಅಂಚು, ಅದರ ಮೇಲೆ ಉಗುರಿನ ಬುಡ ಬೆಳ್ಳಗಾಗುವಷ್ಟು ಬಿಗಿಯಾಗಿ ನಾಲ್ಕು ಬೆರಳು, ನಾಲ್ಕು ಬೆರಳು